ಇನ್ ದ ಹೀಟ್ ಆಫ್ ದ ನೈಟ್ (1967): ಕೆನ್ನೆಗೆ ಹೊಡೆದ ಸೀನ್ ಆದ ಮೇಲೆ ಏನಾಗುತ್ತದೆ? (ಸ್ಪಾಯ್ಲರ್ ಇದೆ)

ರಾತ್ರಿಪಾಳಿ:
ಈ ಸಿನಿಮಾ ಬಗ್ಗೆ ಎಲ್ಲಿ ಓದಿದರೂ ಎರಡೇ ವಿಷಯ. ಒಂದು, ಕಪ್ಪು ನಟ ಸಿಡ್ನಿ ಪಾಯ್ಟಿಯರ್ ಬಿಳಿ ಜಮೀನ್ದಾರನ ಕೆನ್ನೆಗೆ ತಿರುಗಿಸಿ ಬಾರಿಸಿದ್ದು. ಇನ್ನೊಂದು, ‘ನನ್ನನ್ನು ಮಿಸ್ಟರ್ ಟಿಬ್ಸ್ ಅಂತಾರೆ’ ಅನ್ನೋ ಡೈಲಾಗ್. ಎರಡೂ ಚೆನ್ನಾಗಿವೆ, ಇಲ್ಲ ಅನ್ನಲ್ಲ. ಆದರೆ ಆ ಪಾತ್ರದ ನಿಜವಾದ ತಿರುವು ಕೆನ್ನೆಗೆ ಹೊಡೆದ ಮೇಲೆ ಬರುತ್ತದೆ. ಅದರ ಬಗ್ಗೆ ಯಾರೂ ಮಾತಾಡಲ್ಲ ಅನ್ನೋದು ನನ್ನ ತಕರಾರು.

ನೋಡದವರಿಗೆ ಕಥೆ ಚಿಕ್ಕದಾಗಿ. ಮಿಸಿಸಿಪ್ಪಿಯ ಸ್ಪಾರ್ಟಾ ಅನ್ನೋ ಸಣ್ಣ ಊರು. ಸೆಕೆಗೆ ನಿದ್ದೆ ಬಾರದ ರಾತ್ರಿ. ಅಲ್ಲಿ ಫ್ಯಾಕ್ಟರಿ ಕಟ್ಟಲು ಷಿಕಾಗೋದಿಂದ ಬಂದಿದ್ದ ಕೋಲ್ಬರ್ಟ್ ಬೀದಿಯಲ್ಲಿ ಹೆಣವಾಗಿ ಸಿಗುತ್ತಾನೆ. ಅಮ್ಮನನ್ನು ನೋಡಿಕೊಂಡು ವಾಪಸ್ ಹೋಗಲು ರೈಲಿಗೆ ಕಾಯುತ್ತಾ ಕೂತ ವರ್ಜಿಲ್ ಟಿಬ್ಸ್ (ಪಾಯ್ಟಿಯರ್) ಸ್ಟೇಷನ್ನಿನಲ್ಲಿರುತ್ತಾನೆ. ಕಪ್ಪು ಮನುಷ್ಯ, ಊರಿಗೆ ಹೊಸಬ, ಪರ್ಸಿನಲ್ಲಿ ದುಡ್ಡು. ಸ್ಯಾಮ್ ವುಡ್ ಅನ್ನೋ ಪೊಲೀಸಪ್ಪನಿಗೆ ಅಷ್ಟು ಸಾಕು, ಎಳೆದುಕೊಂಡು ಬರುತ್ತಾನೆ. ಠಾಣೆಗೆ ಬಂದ ಮೇಲೆ ಗೊತ್ತಾಗುತ್ತದೆ, ಟಿಬ್ಸ್ ಫಿಲಡೆಲ್ಫಿಯಾದ ಪೊಲೀಸ್ ಅಧಿಕಾರಿ, ಕೊಲೆ ಕೇಸುಗಳಲ್ಲಿ ಎತ್ತಿದ ಕೈ ಅಂತ. ವಾರಕ್ಕೆ 162 ಡಾಲರ್ 39 ಸೆಂಟ್ ಸಂಬಳ. ಆ ಲೆಕ್ಕ ಕೇಳಿದಾಗ ಚೀಫ್ ಗಿಲೆಸ್ಪಿಯ (ರಾಡ್ ಸ್ಟೈಗರ್) ಮುಖ ನೋಡಬೇಕು!

ಕೊನೆಗೆ ಟಿಬ್ಸ್‌ನನ್ನೇ ತನಿಖೆಗೆ ಉಳಿಸಿಕೊಳ್ಳುತ್ತಾನೆ. ಈಗ ನನ್ನ ಮಾತು. ಕೋಲ್ಬರ್ಟ್ ಕಾರಿನ ಬ್ರೇಕ್ ಪೆಡಲ್ ಮೇಲೆ ಟಿಬ್ಸ್‌ಗೆ ಒಂದು ಚೂರು ಬೇರು ಸಿಗುತ್ತದೆ. ಆರ್ಕಿಡ್ ಬೆಳೆಸುವವರು ಬಳಸುವ ಆಸ್ಮುಂಡಾ ಬೇರು. ಅದರ ಜಾಡು ಹಿಡಿದು ಎಂಡಿಕಾಟ್ ಅನ್ನೋ ದೊಡ್ಡ ಹತ್ತಿ ಜಮೀನ್ದಾರನ ಗಾಜಿನ ಮನೆಗೆ ಹೋಗುತ್ತಾರೆ. ಅಲ್ಲೇ ಏಟು, ಅಲ್ಲೇ ತಿರುಗೇಟು. ಹೊರಗೆ ಬಂದ ಮೇಲೆ ಟಿಬ್ಸ್ ಮುಖ ಬದಲಾಗಿರುತ್ತದೆ. ಈ ಕೊಬ್ಬಿದವನನ್ನು ಗುಡ್ಡದ ಮೇಲಿಂದ ಕೆಳಗೆ ಎಳೆದು ಹಾಕುತ್ತೇನೆ, ಸ್ವಲ್ಪ ಟೈಮ್ ಕೊಡು ಅನ್ನುತ್ತಾನೆ. ಗಿಲೆಸ್ಪಿ ಅವನನ್ನೇ ದಿಟ್ಟಿಸಿ, ಓಹೋ, ನೀನೂ ನಮ್ಮ ಹಾಗೇನೇ ಅಲ್ವಾ, ಅನ್ನುವ ಅರ್ಥದ ಮಾತು ಹೇಳುತ್ತಾನೆ. ಆಮೇಲೆ ನೋಡಿದರೆ ಎಂಡಿಕಾಟ್ ಕೊಲೆ ಮಾಡಿಸಿಲ್ಲ! ಇಡೀ ಊರಲ್ಲಿ ತಲೆ ಇರುವ ಒಬ್ಬನೇ ಒಬ್ಬ ಮನುಷ್ಯ ದ್ವೇಷಕ್ಕೆ ಬಿದ್ದು ತಪ್ಪು ದಾರಿ ಹಿಡಿದಿರುತ್ತಾನೆ. ಪಾಯ್ಟಿಯರ್ ಇಡೀ ಸಿನಿಮಾದಲ್ಲಿ ಮಾಡಿದ ಅತಿ ಕಷ್ಟದ ಕೆಲಸ ಇದು ಅಂತ ನನ್ನ ಲೆಕ್ಕ.

ಗಿರ್ಮಿಟ್:
ಗುರು, ಒಪ್ಪಿದೆ. ಆದರೆ ಪತ್ತೇದಾರಿ ಕಥೆ ಅಂತ ನೋಡಿದರೆ ಪೀಚು. ಕೊಲೆ ಯಾಕಾಯಿತು ಅನ್ನೋದು ಕೊನೆಯ ಹತ್ತು ನಿಮಿಷದಲ್ಲಿ ಗಡಿಬಿಡಿಯಲ್ಲಿ ಹೇಳಿ ಮುಗಿಸುತ್ತಾರೆ. ಡೈನರ್‌ನಲ್ಲಿ ಕೆಲಸ ಮಾಡುವ ರಾಲ್ಫ್, ಡೆಲೋರೆಸ್ ಅನ್ನೋ ಊರ ಹುಡುಗಿ ಅವನಿಂದ ಬಸಿರು, ಗರ್ಭ ತೆಗೆಸಲು ದುಡ್ಡು ಬೇಕು, ಅದಕ್ಕೆ ಕೋಲ್ಬರ್ಟ್‌ನನ್ನು ದೋಚಲು ಹೋಗಿ ಕೊಲೆ. ನಾನು ಎರಡು ಸಲ ನೋಡಬೇಕಾಯಿತು ಅರ್ಥ ಆಗೋಕೆ.

ಎರಡನೇಶೋ:
@ಗಿರ್ಮಿಟ್ ಪೀಚು ಅನ್ನಬೇಡಿ ಸಾರ್, ಮೋಸ ಮಾಡಿಲ್ಲ. ರಾಲ್ಫ್ ಸಿನಿಮಾ ಶುರುವಿನಲ್ಲೇ ಇದ್ದಾನೆ. ರಬ್ಬರ್ ಬ್ಯಾಂಡ್‌ನಲ್ಲಿ ನೊಣ ಹೊಡೆಯುತ್ತಾ, ಸ್ಯಾಮ್‌ಗೆ ಪೈ ಖಾಲಿ ಅಂತ ಸುಳ್ಳು ಹೇಳುತ್ತಾ. ಪೈ ಅಲ್ಲೇ ಇರುತ್ತದೆ, ಬಚ್ಚಿಟ್ಟಿರುತ್ತಾನೆ. ಕೊಲೆಗಾರ ನಮ್ಮ ಕಣ್ಣೆದುರೇ ಸುಳ್ಳು ಹೇಳುತ್ತಿದ್ದಾನೆ, ನಾವು ನೊಣ ನೋಡಿಕೊಂಡು ಕೂತಿರುತ್ತೇವೆ.

ಇನ್ನೊಂದು. ಈ ಊರಲ್ಲಿ ಪ್ರತಿಯೊಬ್ಬರೂ ತಮಗೆ ಬೇಕಾದ ಕೊಲೆಗಾರನನ್ನು ಮೊದಲೇ ಹುಡುಕಿಟ್ಟುಕೊಂಡಿದ್ದಾರೆ. ಸ್ಯಾಮ್‌ಗೆ ಸ್ಟೇಷನ್ನಿನಲ್ಲಿ ಕೂತ ಕಪ್ಪು ಮನುಷ್ಯ. ಗಿಲೆಸ್ಪಿಗೆ ಮೊದಲು ಹಾರ್ವಿ ಅನ್ನೋ ಊರ ಹುಡುಗ, ಆಮೇಲೆ ತನ್ನದೇ ಠಾಣೆಯ ಸ್ಯಾಮ್. ಟಿಬ್ಸ್‌ಗೆ ಎಂಡಿಕಾಟ್. ರಾತ್ರಿಪಾಳಿಯವರು ಹೇಳಿದ್ದು ಇಲ್ಲಿಗೆ ಸರಿಯಾಗಿ ಕೂರುತ್ತದೆ. ಟಿಬ್ಸ್ ಹತ್ತಿರ ಸಾಕ್ಷಿ ಇದೆ. ಬೇರಿನ ಚೂರು ನಿಜ, ಅದನ್ನು ಓದಿದ ರೀತಿಯಲ್ಲಿ ಸಿಟ್ಟು ಸೇರಿಕೊಂಡಿತು.

ಹಳೇರೀಲು:
ಮುಂದೆ ಟಿಬ್ಸ್ ತಾನೇ ಅದನ್ನ ಬಾಯಿಬಿಟ್ಟು ಹೇಳುತ್ತಾನೆ. ಸ್ವಂತ ಕಾರಣಕ್ಕೆ ಎಂಡಿಕಾಟ್ ಹಿಂದೆ ಬಿದ್ದೆ ಅಂತ. ಒಂದೇ ಸಾಲು. ಕ್ಯಾಮೆರಾ ಹತ್ತಿರ ಬರಲ್ಲ, ಮ್ಯೂಸಿಕ್ ಏರಲ್ಲ. ಪಾಯ್ಟಿಯರ್ ಆ ಸಾಲನ್ನು ಕೇಸಿನ ಇನ್ನೊಂದು ವಿವರ ಹೇಳುವ ದನಿಯಲ್ಲೇ ಹೇಳಿ ಮುಂದಕ್ಕೆ ಹೋಗುತ್ತಾರೆ. ಬೇರೆ ನಟ ಆಗಿದ್ದರೆ ಅಲ್ಲೊಂದು ಕಣ್ಣೀರು ಗ್ಯಾರಂಟಿ.

ಕಾಳುಮೆಣಸು:
ಏಟಿನ ಸೀನ್ ಯಾರ ಐಡಿಯಾ ಅನ್ನೋ ಜಗಳ ಗೊತ್ತಾ ನಿಮಗೆ? ಮೊದಲ ಸ್ಕ್ರಿಪ್ಟಿನಲ್ಲಿ ಟಿಬ್ಸ್ ಏಟು ತಿಂದು ಸುಮ್ನೆ ಹೊರಟುಹೋಗುತ್ತಾನೆ ಅಂತಿತ್ತು, ನಾನು ತಿರುಗಿಸಿ ಹೊಡೆಯಲೇಬೇಕು ಅಂತ ಪಟ್ಟು ಹಿಡಿದೆ, ಸಿನಿಮಾ ತೋರಿಸುವ ಪ್ರತಿ ಊರಿನಲ್ಲೂ ಆ ಸೀನ್ ಇರಬೇಕು ಅಂತ ಮಾತು ತಗೊಂಡೆ ಅಂತ ಪಾಯ್ಟಿಯರ್ ಹೇಳುತ್ತಿದ್ದರು. ಚಿತ್ರಕಥೆ ಬರೆದ ಸ್ಟರ್ಲಿಂಗ್ ಸಿಲಿಫಂಟ್ ಮಾತ್ರ ಅದು ಮೊದಲಿಂದಲೂ ನನ್ನ ಸ್ಕ್ರಿಪ್ಟಿನಲ್ಲೇ ಇತ್ತು ಅಂದರು. ಜಾನ್ ಬಾಲ್ 1965ರಲ್ಲಿ ಬರೆದ ಮೂಲ ಕಾದಂಬರಿಯಲ್ಲಂತೂ ಆ ಏಟು ಇಲ್ಲವೇ ಇಲ್ಲ. ಅಲ್ಲಿ ಟಿಬ್ಸ್ ಬರುವುದು ಕ್ಯಾಲಿಫೋರ್ನಿಯಾದ ಪಾಸಡೀನಾದಿಂದ, ಸತ್ತವನು ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್.

ರಾತ್ರಿಪಾಳಿ:
@ಕಾಳುಮೆಣಸು ಯಾರೇ ಬರೆದಿರಲಿ, ಮಾಡಿ ತೋರಿಸಿದ ರೀತಿ ಪಾಯ್ಟಿಯರ್‌ದು. ಎಂಡಿಕಾಟ್ ಕೈ ಕೆಳಗಿಳಿಯುವ ಮುಂಚೆಯೇ ಇವರ ಕೈ ಅವನ ಕೆನ್ನೆ ಮೇಲೆ. ಯೋಚನೆ ಮಾಡಲು ಅರ್ಧ ಸೆಕೆಂಡ್ ತಗೊಂಡಿದ್ದರೂ ಅದು ಹೀರೋಗಿರಿ ಆಗಿಬಿಡುತ್ತಿತ್ತು. ನಮ್ಮಲ್ಲಾದರೆ ಸ್ಲೋ ಮೋಷನ್, ನಾಲ್ಕು ಆ್ಯಂಗಲ್, ಹಾರುವ ಕನ್ನಡಕ!

ಆ ಸೀನಿನಲ್ಲಿ ಜ್ಯೂಸ್ ಟ್ರೇ ಹಿಡಿದು ನಿಂತ ಎಂಡಿಕಾಟ್ ಮನೆಯ ಕಪ್ಪು ಆಳನ್ನು ಗಮನಿಸಿ. ಏಟು ಬಿದ್ದ ಮೇಲೆ ತಲೆ ಅಲ್ಲಾಡಿಸುತ್ತಾನೆ. ಟಿಬ್ಸ್ ಹೋದ ಮೇಲೂ ಅವನು ಅದೇ ಮನೆಯಲ್ಲಿ ಬದುಕಬೇಕು, ಅಲ್ವಾ.

ಮೆಂಫಿಸ್ ಕನ್ನಡತಿ:
ಆ ಗಾಜಿನ ಮನೆ ಸೀನ್ ತೆಗೆದದ್ದು ನಮ್ಮ ಕಡೆ. ಟೆನೆಸ್ಸೀ ರಾಜ್ಯದ ಮೆಂಫಿಸ್‌ನಿಂದ ಉತ್ತರಕ್ಕೆ ಹೋದರೆ ಡಯರ್ಸ್‌ಬರ್ಗ್ ಅಂತ ಊರು ಸಿಗುತ್ತದೆ. ಸಿನಿಮಾದ ಉಳಿದ ಹೆಚ್ಚಿನ ಭಾಗ ಇಲಿನಾಯ್ ರಾಜ್ಯದಲ್ಲಿ ತೆಗೆದದ್ದು. ಅಲ್ಲೂ ಒಂದು ಸ್ಪಾರ್ಟಾ ಇದೆ. ಅಂಗಡಿ, ಬ್ಯಾಂಕು, ನೀರಿನ ಟ್ಯಾಂಕಿನ ಮೇಲಿನ ಹೆಸರು ಬದಲಾಯಿಸೋ ತಲೆನೋವು ಬೇಡ ಅಂತ ಕಥೆಯ ಊರಿಗೇ ಸ್ಪಾರ್ಟಾ ಅಂತ ಹೆಸರಿಟ್ಟರು. ಮಿಸಿಸಿಪ್ಪಿಯ ಕಥೆಯನ್ನು ಇಲಿನಾಯ್‌ನಲ್ಲಿ ಯಾಕೆ ತೆಗೆದರು ಅಂದರೆ, ಪಾಯ್ಟಿಯರ್ ದಕ್ಷಿಣಕ್ಕೆ ಬರಲ್ಲ ಅಂದಿದ್ದರು.

ಕಾರಣ ಇತ್ತು. 1964ರಲ್ಲಿ ಅವರೂ ಹ್ಯಾರಿ ಬೆಲಫಾಂಟೆಯವರೂ ಮಿಸಿಸಿಪ್ಪಿಯ ಗ್ರೀನ್‌ವುಡ್‌ಗೆ 70 ಸಾವಿರ ಡಾಲರ್ ನಗದನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಿದ್ದರು. ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸುತ್ತಿದ್ದ ಹುಡುಗರಿಗೆ ಕೊಡಲು. ರಾತ್ರಿ ಕು ಕ್ಲಕ್ಸ್ ಕ್ಲಾನ್ ಅನ್ನೋ ಬಿಳಿ ಜನಾಂಗವಾದಿ ಗುಂಪಿನವರು ಕಾರಿನ ಬೆನ್ನು ಹತ್ತಿ ಗುದ್ದಿದರು. ಅದಾದ ಮೇಲೆ ಮತ್ತೆ ಬಾ ಅಂದರೆ ಯಾರು ಬರುತ್ತಾರೆ?

ಆದರೆ ಹತ್ತಿ ಹೊಲ ಬೇಕಿತ್ತು, ಅದು ಇಲಿನಾಯ್‌ನಲ್ಲಿ ಸಿಗಲ್ಲ. ಹಾಗಾಗಿ ಕೆಲವು ದಿನಕ್ಕೆ ಮಾತ್ರ ಟೆನೆಸ್ಸೀಗೆ ಬಂದರು. ರಾತ್ರಿ ದಿಂಬಿನ ಕೆಳಗೆ ಪಿಸ್ತೂಲು ಇಟ್ಟುಕೊಂಡು ಮಲಗುತ್ತಿದ್ದೆ ಅಂತ ಪಾಯ್ಟಿಯರ್ ಆಮೇಲೆ ಹೇಳಿದ್ದಾರೆ.

ಈಗ ಆ ರಸ್ತೆಯಲ್ಲಿ ಅಕ್ಟೋಬರ್ ತಿಂಗಳು ಹೋದರೆ ಎರಡೂ ಕಡೆ ಬೆಳ್ಳಗೆ ಹತ್ತಿ. ಬಿಡಿಸೋದು ಮಷೀನು. ಬಿಡಿಸಿದ್ದನ್ನು ದುಂಡಗೆ ಸುತ್ತಿ ಹಳದಿ, ಗುಲಾಬಿ ಪ್ಲಾಸ್ಟಿಕ್ ಹೊದಿಸಿ ಹೊಲದ ಅಂಚಿಗೆ ಸಾಲಾಗಿ ಇಟ್ಟಿರುತ್ತಾರೆ. ಮನುಷ್ಯರೇ ಕಾಣಲ್ಲ. ಸಿನಿಮಾದಲ್ಲಿ ಅದೇ ಥರದ ಹೊಲದಲ್ಲಿ ಕಪ್ಪು ಜನ ಬಗ್ಗಿ ಹತ್ತಿ ಬಿಡಿಸುತ್ತಿರುತ್ತಾರೆ. ಟಿಬ್ಸ್ ಕಾರಿನ ಕಿಟಕಿಯಿಂದ ನೋಡುತ್ತಾನೆ. ನಿನಗೆ ಇದೆಲ್ಲ ಇಲ್ಲ, ಅಲ್ವಾ ವರ್ಜಿಲ್, ಅಂತ ಗಿಲೆಸ್ಪಿ ಚುಚ್ಚುತ್ತಾನೆ. ಟಿಬ್ಸ್ ಬಾಯಿ ಬಿಡಲ್ಲ. ಎಂಡಿಕಾಟ್ ಮನೆ ಸೀನ್ ನನಗೆ ಶುರುವಾಗೋದು ಈ ಕಾರಿನಲ್ಲಿ. ಆ ಹೊಲ ನೋಡಿಕೊಂಡು ಹೋದವನಿಗೆ, ಆರ್ಕಿಡ್ ಗಿಡಗಳೂ ನಿಮ್ಮ ಜನರ ಹಾಗೇ, ಆರೈಕೆ ಮಾಡಬೇಕು ಅಂತ ಜಮೀನ್ದಾರ ಪಾಠ ಹೇಳಿದರೆ ಹೊಟ್ಟೆ ಉರಿಯಲ್ವಾ?

ತುಂಗಾತೀರ:
ಅಕ್ಕ, ಎಂಥಾ ಮಾಹಿತಿ! ಒಂದು ಡೌಟು. ಎಲ್ಲರೂ ಅಷ್ಟು ಬೆವರುತ್ತಾರಲ್ಲ, ಇಲಿನಾಯ್‌ನಲ್ಲಿ ಅಷ್ಟು ಸೆಕೆಯಾ?

ಮೆಂಫಿಸ್ ಕನ್ನಡತಿ:
@ತುಂಗಾತೀರ ಇಲ್ಲಮ್ಮ, ಚಳಿ! 1966ರ ಕೊನೆಯ ತಿಂಗಳುಗಳಲ್ಲಿ ಶೂಟಿಂಗ್. ಮಾತಾಡಿದರೆ ಬಾಯಿಂದ ಹಬೆ ಬರುತ್ತಿತ್ತು ಅಂತ ನಟರು ಟೇಕ್‌ಗೆ ಮುಂಚೆ ಬಾಯಲ್ಲಿ ಐಸ್ ಚೂರು ಇಟ್ಟುಕೊಳ್ಳುತ್ತಿದ್ದರು. ಮುಖದ ಮೇಲಿನ ಬೆವರು ಮೇಕಪ್‌ನವರ ಕೃಪೆ.

ಹಳೇರೀಲು:
ಲೈಟಿಂಗ್ ಬಗ್ಗೆಯೂ ಹೇಳಲೇಬೇಕು. ಆಗ ಹಾಲಿವುಡ್‌ನಲ್ಲಿ ಬೆಳಕು ಹೊಂದಿಸುತ್ತಿದ್ದದ್ದು ಬಿಳಿ ಮುಖದ ಲೆಕ್ಕಕ್ಕೆ. ಕಪ್ಪು ನಟನ ಮುಖದ ಮೇಲೆ ಅದೇ ಬೆಳಕು ಬಿಟ್ಟರೆ ಹಣೆ ಫಳಫಳ ಹೊಳೆದು ಕಣ್ಣು, ಕೆನ್ನೆ ಎಲ್ಲ ಮುಳುಗಿಹೋಗುತ್ತದೆ. ಛಾಯಾಗ್ರಾಹಕ ಹ್ಯಾಸ್ಕೆಲ್ ವೆಕ್ಸ್ಲರ್ ಪಾಯ್ಟಿಯರ್ ಮುಖಕ್ಕೆ ತಕ್ಕ ಹಾಗೆ ಬೆಳಕು ತಗ್ಗಿಸಿ ಹೊಂದಿಸಿದರು. ಮಾತಿಲ್ಲದ ಪಾತ್ರ ಅನ್ನುತ್ತೀವಲ್ಲ, ಆ ಮಾತಿಲ್ಲದ್ದು ನಮಗೆ ಕಾಣೋದೇ ಇದರಿಂದ. ಗೊತ್ತಿರಲಿ, ಆ ವರ್ಷ ಛಾಯಾಗ್ರಹಣದ ಆಸ್ಕರ್‌ಗೆ ವೆಕ್ಸ್ಲರ್ ನಾಮಿನೇಷನ್ ಕೂಡ ಆಗಲಿಲ್ಲ.

ಹೆಣ ಪರೀಕ್ಷೆ ಮಾಡುವ ಸೀನ್ ಹಾಕಿ ನೋಡಿ. ಕೈ ಬೆರಳು, ಮೊಣಕಾಲು, ಪಾದ ಒಂದೊಂದೇ ಮುಟ್ಟಿ ನೋಡುತ್ತಾರೆ, ಎಷ್ಟು ಸೆಟೆದಿದೆ ಅಂತ. ಅಳತೆ ಪಟ್ಟಿ ಬೇಕು, ಇಂಥ ಕೆಮಿಕಲ್ ಬೇಕು ಅಂತ ಕೇಳುವಾಗ ದನಿ ಪಕ್ಕಾ ಡಾಕ್ಟರ್ ದನಿ. ಸುತ್ತ ನಿಂತ ಬಿಳಿಯರಿಗೆ ಕೈ ಎಲ್ಲಿಡಬೇಕು ಗೊತ್ತಾಗಲ್ಲ. ಒಂದು ಬೈಗುಳ ಇಲ್ಲ, ಒಂದು ಎದುರು ಮಾತಿಲ್ಲ, ಆ ಕೋಣೆಯಲ್ಲಿ ಯಾರು ಯಜಮಾನ ಅಂತ ಗೊತ್ತಾಗಿಬಿಡುತ್ತದೆ.

ಗಿರ್ಮಿಟ್:
ಹಾಗಾದರೆ ಆಸ್ಕರ್ ಸ್ಟೈಗರ್‌ಗೆ ಯಾಕೆ ಹೋಯಿತು?

ಕಾಳುಮೆಣಸು:
@ಗಿರ್ಮಿಟ್ ಹೋಯಿತು ಅನ್ನೋದಿರಲಿ, ಪಾಯ್ಟಿಯರ್ ನಾಮಿನೇಟೇ ಆಗಲಿಲ್ಲ! 1967ರಲ್ಲಿ ಅವರ ಮೂರು ಸಿನಿಮಾ ಬಂದವು: ಟು ಸರ್ ವಿತ್ ಲವ್, ಇದು, ಮತ್ತೆ ಗೆಸ್ ಹೂ ಈಸ್ ಕಮಿಂಗ್ ಟು ಡಿನ್ನರ್. ಮೂರರಲ್ಲಿ ಮತ ಹಂಚಿಹೋಯಿತು ಅಂತ ಒಂದು ವಾದ. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ಯಾಕೆಂದರೆ ಉತ್ತಮ ನಟ ಪಟ್ಟಿಯಲ್ಲಿ ಇವರ ಜೊತೆ ಮಾಡಿದ ಇಬ್ಬರು ಬಿಳಿ ನಟರಿದ್ದರು. ಈ ಸಿನಿಮಾದ ಸ್ಟೈಗರ್, ಡಿನ್ನರ್ ಸಿನಿಮಾದ ಸ್ಪೆನ್ಸರ್ ಟ್ರೇಸಿ. ಎರಡೂ ಕಥೆಯಲ್ಲಿ ಬದಲಾಗುವವನು ಬಿಳಿಯ. ಬದಲಾಗುವವನಿಗೆ ಪ್ರಶಸ್ತಿ. ಬದಲಾಯಿಸಿದವನು ಸೂಟು ಹಾಕಿಕೊಂಡು ಚಪ್ಪಾಳೆ ತಟ್ಟಬೇಕು.

ಸಮಾರಂಭದ ಕಥೆಯೂ ಹಾಗೇ ಇದೆ. 1968ರ ಏಪ್ರಿಲ್ 4ಕ್ಕೆ ಮಾರ್ಟಿನ್ ಲೂಥರ್ ಕಿಂಗ್ ಕೊಲೆ, ಅದೂ ನಮ್ಮ ಕನ್ನಡತಿ ಅಕ್ಕನ ಮೆಂಫಿಸ್‌ನಲ್ಲಿ. 9ಕ್ಕೆ ಅಂತ್ಯಸಂಸ್ಕಾರ. 8ಕ್ಕೆ ಇದ್ದ ಆಸ್ಕರ್ ಸಮಾರಂಭವನ್ನು 10ಕ್ಕೆ ಮುಂದೂಡಿದರು. ಅವತ್ತು ಈ ಸಿನಿಮಾಗೆ ಐದು ಪ್ರಶಸ್ತಿ: ಉತ್ತಮ ಚಿತ್ರ, ನಟ, ಚಿತ್ರಕಥೆ, ಸಂಕಲನ, ಧ್ವನಿ. ಸ್ಟೈಗರ್ ವೇದಿಕೆ ಮೇಲೆ ಪಾಯ್ಟಿಯರ್ ಗೆಳೆತನಕ್ಕೆ ಥ್ಯಾಂಕ್ಸ್ ಹೇಳಿದರು. ಆ ಗೆಳೆತನದಿಂದಲೇ ಪೂರ್ವಗ್ರಹ ಅಂದರೇನು ಅಂತ ತಿಳಿದು ಈ ಪಾತ್ರಕ್ಕೆ ಬಲ ಬಂತು ಅಂದರು. ದೊಡ್ಡ ಮಾತೇ. ಆದರೂ...

ಎರಡನೇಶೋ:
ಸ್ಟೈಗರ್ ಬಗ್ಗೆ ಇಷ್ಟು ಬೇಜಾರು ಬೇಡ. ಚೂಯಿಂಗ್ ಗಮ್ ಒಂದರಲ್ಲೇ ಅರ್ಧ ಪಾತ್ರ ಕಟ್ಟಿದ್ದಾರೆ. ಯೋಚನೆ ಮಾಡುವಾಗ ಜಗಿಯೋದು ನಿಲ್ಲುತ್ತದೆ, ಸಿಟ್ಟು ಬಂದರೆ ಜೋರಾಗುತ್ತದೆ. ನಿರ್ದೇಶಕ ನಾರ್ಮನ್ ಜೂಯಿಸನ್ ಗಮ್ ಜಗಿ ಅಂದಾಗ ಸ್ಟೈಗರ್‌ಗೆ ಮೊದಲು ಇಷ್ಟ ಆಗಿರಲಿಲ್ಲವಂತೆ. ಇಬ್ಬರದೂ ಬೇರೆ ಬೇರೆ ಸ್ಕೂಲು. ಒಬ್ಬರು ಪ್ರತಿ ಸೀನಿನಲ್ಲೂ ಏನಾದರೂ ಸೇರಿಸುತ್ತಾರೆ, ಇನ್ನೊಬ್ಬರು ಪ್ರತಿ ಸೀನಿನಲ್ಲೂ ಏನಾದರೂ ತೆಗೆಯುತ್ತಾರೆ. ಸೇರಿಸಿದ್ದು ಕಣ್ಣಿಗೆ ಕಾಣುತ್ತದೆ, ಪ್ರಶಸ್ತಿ ಅದಕ್ಕೇ ಬರುತ್ತದೆ. ಎಲ್ಲ ಭಾಷೆಯಲ್ಲೂ ಇದೇ ಹಣೆಬರಹ.

ನೀರುಳ್ಳಿಬಜೆ:
ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಹುಳಿ ಹಿಂಡುತ್ತೇನೆ. ಟಿಬ್ಸ್ ಮನುಷ್ಯನಾ, ದೇವರಾ? ಬಟ್ಟೆ ಇಸ್ತ್ರಿ, ಮಾತು ಇಸ್ತ್ರಿ, ಬುದ್ಧಿ ಊರಿಗೇ ಮಿಗಿಲು. ಹೆಂಡತಿ ಇಲ್ಲ, ಪ್ರೇಯಸಿ ಇಲ್ಲ. ಬಿಳಿಯರ ಊರಿನ ಕೊಲೆ ಬಿಡಿಸಿಕೊಟ್ಟು, ಸೂಟ್‌ಕೇಸ್ ಎತ್ತಿಕೊಂಡು ಹೊರಡುತ್ತಾನೆ. ಇದನ್ನ ಆಗಲೇ ಕಪ್ಪು ಲೇಖಕರು ಎತ್ತಿದ್ದರು. ಬಿಳಿ ಅಮೆರಿಕಕ್ಕೆ ಪಾಯ್ಟಿಯರ್ ಯಾಕಿಷ್ಟು ಇಷ್ಟ ಅಂತ 1967ರಲ್ಲೇ ಕ್ಲಿಫರ್ಡ್ ಮೇಸನ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಖಾರವಾಗಿ ಬರೆದರು. ಜೇಮ್ಸ್ ಬಾಲ್ಡ್ವಿನ್ ಅಂತೂ ಕೊನೆಯ ರೈಲ್ವೆ ಸ್ಟೇಷನ್ ಸೀನನ್ನು ಹಾಲಿವುಡ್ ಸಿನಿಮಾ ಮುಗಿಯುವಾಗ ಬರುವ ಮುತ್ತಿಗೆ ಹೋಲಿಸಿದರು. ಇಬ್ಬರೂ ರಾಜಿಯಾದರು, ಪ್ರೇಕ್ಷಕರು ಹಗುರಾಗಿ ಮನೆಗೆ ಹೋದರು, ಮಿಸಿಸಿಪ್ಪಿ ಹಾಗೇ ಇತ್ತು.

ರಾತ್ರಿಪಾಳಿ:
@ನೀರುಳ್ಳಿಬಜೆ ಬಾಲ್ಡ್ವಿನ್ ಮಾತು ತೆಗೆದುಹಾಕೋ ಹಾಗಿಲ್ಲ. ಸ್ಟೇಷನ್ನಿನಲ್ಲಿ ಗಿಲೆಸ್ಪಿ ಸೂಟ್‌ಕೇಸ್ ಹಿಡಿದುಕೊಂಡು ನಡೆಯೋದು ನನಗೂ ಸ್ವಲ್ಪ ಸಿಹಿ ಜಾಸ್ತಿ ಅನಿಸಿತ್ತು. ಆದರೆ ‘ದೇವರು’ ಅನ್ನೋದು ಒಪ್ಪಲ್ಲ. ಅದಕ್ಕೇ ನಾನು ಎಂಡಿಕಾಟ್ ವಿಷಯ ತೆಗೆದದ್ದು. ಸೇಡಿಗೆ ಬಿದ್ದು ಕೇಸು ಕೆಡಿಸಿಕೊಳ್ಳುವವನು ದೇವರಲ್ಲ. ಸಂಬಳದ ವಿಷಯ ಬಂದಾಗ ಅವನಿಗೂ ಒಳಗೊಳಗೇ ಖುಷಿ ಇದೆ ನೋಡಿ. ಸೆಂಟ್ ಬಿಡದೆ ಹೇಳುತ್ತಾನೆ! ಜಂಬ ಇದೆ ಅವನಿಗೆ, ಅದನ್ನು ಗಿಲೆಸ್ಪಿಯೇ ಹಿಡಿದು ಬಳಸಿಕೊಳ್ಳುತ್ತಾನೆ. ಇಷ್ಟು ಬಿಳಿಯರಿಗಿಂತ ನೀನೇ ಜಾಣ ಅಂತ ತೋರಿಸುವ ಈ ಅವಕಾಶ ನೀನು ಬಿಡಲ್ಲ ಅಂತ ಕೆಣಕಿ ಊರಲ್ಲೇ ಉಳಿಸಿಕೊಳ್ಳುತ್ತಾನೆ. ಟಿಬ್ಸ್ ಉಳಿಯುತ್ತಾನೆ ಕೂಡ. ನ್ಯಾಯಕ್ಕಾಗಿ ಮಾತ್ರ ಉಳಿದ ಅಂತ ಯಾರು ಹೇಳಿದರು?

ಮೆಂಫಿಸ್ ಕನ್ನಡತಿ:
ಗಿಲೆಸ್ಪಿ ಮನೆಯಲ್ಲಿ ಇಬ್ಬರೂ ವಿಸ್ಕಿ ಕುಡಿಯುವ ಸೀನ್ ಬಾಲ್ಡ್ವಿನ್‌ಗೆ ಅರ್ಧ ಉತ್ತರ ಅನ್ನಬಹುದು. ನನಗೆ ಯಾರೂ ಇಲ್ಲ, ಈ ಮನೆಗೆ ಯಾರೂ ಬರಲ್ಲ ಅಂತ ಗಿಲೆಸ್ಪಿ ಮನಸ್ಸು ಬಿಚ್ಚುತ್ತಾನೆ. ನಿನಗೂ ಒಂಟಿತನ ಇಲ್ವಾ ಅಂತ ಕೇಳುತ್ತಾನೆ. ನಿನಗಿಂತ ಜಾಸ್ತಿ ಇಲ್ಲ ಅನ್ನುತ್ತಾನೆ ಟಿಬ್ಸ್. ಅಷ್ಟೇ, ಗಿಲೆಸ್ಪಿ ಮುಖ ಗಂಟಾಗಿ, ಬಣ್ಣ ಹಿಡಿದು ಬೈದು, ನಿನ್ನ ಕನಿಕರ ಬೇಡ ಅಂತಾನೆ. ಸರಿಸಮ ಅಂತ ಒಂದು ಸೆಕೆಂಡ್ ಅನಿಸಿದ್ದೇ ತಡ, ಹೆದರಿಕೆ. ಅಲ್ಲಿ ರಾಜಿಯೂ ಇಲ್ಲ, ಮುತ್ತೂ ಇಲ್ಲ.

ತುಂಗಾತೀರ:
ನನಗೆ ತಟ್ಟಿದ್ದು ಡೈನರ್. ಸ್ಯಾಮ್ ಜೊತೆ ಆ ರಾತ್ರಿಯ ದಾರಿಯನ್ನೇ ಮತ್ತೆ ಸುತ್ತುವಾಗ ಟಿಬ್ಸ್ ಒಳಗೆ ಬರುತ್ತಾನೆ. ರಾಲ್ಫ್ ಇವನಿಗೆ ಕೊಡಲ್ಲ ಅಂತಾನೆ. ಹೋಟೆಲಿನಲ್ಲಿ ಬಣ್ಣ ನೋಡಿ ಊಟ ನಿರಾಕರಿಸುವುದು 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂದಾಗಲೇ ಕಾನೂನುಬಾಹಿರ ಆಗಿತ್ತು. ಪೊಲೀಸ್ ಪಕ್ಕದಲ್ಲೇ ನಿಂತಿದ್ದಾನೆ, ಕೇಳುವವರಿಲ್ಲ. ನಮ್ಮಲ್ಲೂ ಅಸ್ಪೃಶ್ಯತೆ ವಿರುದ್ಧ ಕಾಯ್ದೆ ಬಂದದ್ದು 1955ರಲ್ಲಿ. ಹಳ್ಳಿ ಹೋಟೆಲುಗಳಲ್ಲಿ ಎರಡು ಲೋಟ ಅದಾದ ಮೇಲೂ ಎಷ್ಟು ವರ್ಷ ಇದ್ದವು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಆ ಸೀನಿನಲ್ಲಿ ಪಾಯ್ಟಿಯರ್ ಏನೂ ಮಾಡಲ್ಲ. ಜಗಳ ಇಲ್ಲ. ಕಾನೂನು ಗೊತ್ತಿದ್ದೂ ಬಾಯಿಗೆ ತರದ ಸುಸ್ತು ಮುಖದಲ್ಲಿ ಮಾತ್ರ. ಅವನಿಗೆ ಕಾಫಿ ಕೊಡದವನೇ ಕೊಲೆಗಾರ ಅನ್ನೋದು ಆಮೇಲೆ ಗೊತ್ತಾಗುತ್ತದೆ. ಎಂಡಿಕಾಟ್ ಮೇಲಿನಷ್ಟು ಸಿಟ್ಟು ಟಿಬ್ಸ್‌ಗೆ ಇವನ ಮೇಲೆ ಬರಲೇ ಇಲ್ಲ. ಸಣ್ಣವನು ಅಂತ ಬಿಟ್ಟುಬಿಟ್ಟ.

ರಾತ್ರಿಪಾಳಿ:
@ತುಂಗಾತೀರ ಇದು ನನಗೆ ಹೊಳೆದಿರಲಿಲ್ಲ. ದೊಡ್ಡ ಶತ್ರು ಸಿಕ್ಕಾಗ ಎದುರಿಗಿದ್ದ ಚಿಲ್ಲರೆ ಮನುಷ್ಯ ಕಾಣಲಿಲ್ಲ. ಕೊಲೆಗೆ ಕಾರಣವೂ ಅಷ್ಟೇ ಚಿಲ್ಲರೆ: ಒಂದು ನೂರು ಡಾಲರ್.

ಗಿರ್ಮಿಟ್:
ಸರಿ, ಪೀಚು ಅಂದದ್ದು ಅರ್ಧ ವಾಪಸ್. ಕೊನೆಯ ಹತ್ತು ನಿಮಿಷ ಗಡಿಬಿಡಿ ಅನ್ನೋದು ವಾಪಸ್ ಇಲ್ಲ. ಈಗ ಮುಂದಿನ ಭಾಗ ನೋಡಬಹುದಾ? ಟಿಬ್ಸ್ ಹೆಸರಲ್ಲಿ ಇನ್ನೂ ಎರಡು ಇವೆಯಂತೆ.

ಹಳೇರೀಲು:
@ಗಿರ್ಮಿಟ್ ಇವೆ. 1970ರಲ್ಲಿ ದೇ ಕಾಲ್ ಮಿ ಮಿಸ್ಟರ್ ಟಿಬ್ಸ್, 1971ರಲ್ಲಿ ದಿ ಆರ್ಗನೈಸೇಷನ್. ಪಾಯ್ಟಿಯರ್ ಇದ್ದಾರೆ, ಜೂಯಿಸನ್ ಇಲ್ಲ, ಸ್ಟೈಗರ್ ಇಲ್ಲ, ದಕ್ಷಿಣದ ಆ ಊರೂ ಇಲ್ಲ. ಟಿಬ್ಸ್ ಇದ್ದಕ್ಕಿದ್ದಂತೆ ಸ್ಯಾನ್ ಫ್ರಾನ್ಸಿಸ್ಕೋ ಪೊಲೀಸ್. ವಿಸ್ಕಿ ಸೀನಿನಲ್ಲಿ ಮದುವೆ ಆಗಿಲ್ಲ ಅಂದವನಿಗೆ ಮೂರು ವರ್ಷದಲ್ಲಿ ಹೆಂಡತಿ, ಬೆಳೆದ ಮಕ್ಕಳು. ಕ್ವಿನ್ಸಿ ಜೋನ್ಸ್ ಸಂಗೀತಕ್ಕಾಗಿ ಬೇಕಾದರೆ 1970ರದ್ದನ್ನು ನೋಡಿ, ಕೊಲೆ ಯಾರು ಮಾಡಿದರು ಅಂತ ತಲೆ ಕೆಡಿಸಿಕೊಳ್ಳಬೇಡಿ.